ಎಂಬತ್ತು ಬೋನುಗಳ ಸ್ನಾನ

ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಇಲಿ ಎಣಿಸುವುದು ಎನ್ನುತ್ತೇನೆ. ಕೇಳಿದವರು ಮೊದಲು ನಗುತ್ತಾರೆ. ನಾನು ನಗದೇ ಇರುವುದನ್ನು ನೋಡಿ, ಪಾಪ, ಏನು ಹೇಳಬೇಕೆಂದು ತೋಚದೆ, ಅದಕ್ಕೆ ಸಂಬಳವನ್ನೂ ಕೊಡುತ್ತಾರಾ ಎಂದು ವಿಚಾರಿಸುತ್ತಾರೆ. ಕೊಡುತ್ತಾರೆ. ನಾದಿನಿಯ ಮಕ್ಕಳ ಬಾಯಲ್ಲಿ ನಾನು ಇಲಿಯತ್ತೆ. ಅದರಲ್ಲಿ ನನಗೇನೂ ಬೇಜಾರಿಲ್ಲ. ಬರೀ ಅತ್ತೆಯಂದಿರು ಎಲ್ಲರ ಮನೆಯಲ್ಲೂ ಇರುತ್ತಾರೆ.

ಊರಿನಿಂದ ಆರು ಗಂಟೆ ದಾರಿ ಹೋದರೆ ಬೆಟ್ಟದ ಬುಡದಲ್ಲಿ ಒಂದು ಹುಲ್ಲುಗಾವಲಿದೆ. ಪ್ರತಿ ವರ್ಷ ಮಳೆ ನಿಂತು ಹುಲ್ಲು ಸೊಂಟದೆತ್ತರಕ್ಕೆ ಬಂದ ಮೇಲೆ ಅಲ್ಲಿ ಮೂರು ತಿಂಗಳು ಡೇರೆ ಹಾಕುತ್ತೇನೆ. ಸಂಜೆ ಎಂಬತ್ತು ಬೋನುಗಳನ್ನು ಸಾಲಾಗಿ ಇಡುವುದು, ಬೆಳಿಗ್ಗೆ ಒಳಗೆ ಬಿದ್ದ ಇಲಿಗಳನ್ನು ತೂಗಿ, ಗುರುತು ಹಾಕಿ, ಬರೆದುಕೊಂಡು ಬಿಟ್ಟುಬಿಡುವುದು. ಹನ್ನೊಂದು ವರ್ಷದಿಂದ ಅದೇ ಜಾಗ, ಅವೇ ಬೋನುಗಳು. ಇಲಿ ಕಡಿಮೆಯಾಯಿತೆಂದರೆ ಹುಲ್ಲಿಗೆ ಏನೋ ಆಗಿದೆ, ಮುಂದಿನ ವರ್ಷ ಗೂಬೆಗೂ ಆಗುತ್ತದೆ ಎಂದರ್ಥ. ಆ ಲೆಕ್ಕವೆಲ್ಲ ನಮ್ಮ ಆಫೀಸಿನ ಗೋಡೆಯ ಮೇಲೆ ಒಂದು ಗೆರೆಯಾಗಿ ಏರುತ್ತಾ ಇಳಿಯುತ್ತಾ ಹೋಗುತ್ತದೆ. ನನ್ನ ಜೀವನದಲ್ಲಿ ನಾನು ಎಲ್ಲೂ ಮುರಿಯದೆ ಎಳೆದ ಗೆರೆ ಅದೊಂದೇ, ಅದರ ಮೇಲೆ ನನಗೆ ವಿಪರೀತ ಮಮಕಾರ.

ಬೋನು ಅಂದರೆ ಅಡುಗೆಮನೆಯ ತಂತಿ ಬೋನಲ್ಲ. ಅಲ್ಯೂಮಿನಿಯಂ ತಗಡಿನ ಉದ್ದನೆಯ ಪೆಟ್ಟಿಗೆ, ಒಂದು ಪೌಂಡು ಬ್ರೆಡ್ಡಿನಷ್ಟು ದೊಡ್ಡದು. ಒಳಗೆ ಒಣಹುಲ್ಲು, ಒಂದಿಷ್ಟು ಕಾಳು. ಇಲಿ ಒಳಗೆ ಹೋಗಿ ಒಂದು ಹಲಗೆಯ ಮೇಲೆ ಕಾಲಿಟ್ಟರೆ ಹಿಂದಿನ ಬಾಗಿಲು ಬೀಳುತ್ತದೆ. ಇಲಿ ಹೊಟ್ಟೆ ತುಂಬ ತಿಂದು, ಹುಲ್ಲಿನಲ್ಲಿ ಮಲಗಿ, ಬೆಳಿಗ್ಗೆ ನನ್ನ ಕೈಗೆ ಸಿಗುತ್ತದೆ. ಈ ಪೆಟ್ಟಿಗೆಗೆ ಸೋಪು ಮುಟ್ಟಿಸಬಾರದು ಎಂಬುದು ನಮ್ಮ ಕಸುಬಿನ ಮೊದಲ ನಿಯಮ. ಇಲಿಯ ಕಣ್ಣು ಅಷ್ಟಕ್ಕಷ್ಟೇ, ಅದರ ಲೋಕವೆಲ್ಲ ಮೂಗಿನಲ್ಲಿ. ಹಿಂದೆ ಇನ್ನೊಂದು ಇಲಿ ಬಂದು ಹೋದ ವಾಸನೆಯಿದ್ದರೆ ಧೈರ್ಯವಾಗಿ ನುಗ್ಗುತ್ತದೆ. ಸೋಪಿನ ವಾಸನೆಯಿದ್ದರೆ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಹಾಗಾಗಿ ಸೀಸನ್ನು ಮುಗಿದ ಮೇಲೆ ಬ್ರಷ್ಷಿನಲ್ಲಿ ಹಿಕ್ಕೆ ಗುಡಿಸಿ, ಬರೀ ನೀರಿನಲ್ಲಿ ಜಾಲಾಡಿ, ನೆರಳಿನಲ್ಲಿ ಒಣಗಿಸಿ ಎತ್ತಿಡುತ್ತೇನೆ. ನೋಡಿದವರಿಗೆ ಅದು ಸೋಮಾರಿಯ ಕೆಲಸದಂತೆ ಕಾಣುತ್ತದೆ.

ನಮ್ಮ ಮಾವನಿಗೆ ಹಾಗೆಯೇ ಕಾಣುತ್ತಿತ್ತು. ಅವರು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು, ಕೊನೆಯ ಹತ್ತು ವರ್ಷ ಅಲ್ಲಿಯ ಮೇಸ್ತ್ರಿ. ಬೀದಿಯವರು ಬೆನ್ನ ಹಿಂದೆ ಸೋಪಿನ ಯಜಮಾನ್ರು ಎನ್ನುತ್ತಾರೆ. ತೊಳೆದಿಟ್ಟ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ತೊಳೆದು ನೀರು ಕುಡಿಯುವ ಮನುಷ್ಯ. ಅಂಥವರ ಮನೆಯ ಹಿಂದಿನ ಕೋಣೆಯಲ್ಲಿ, ಆಫೀಸಿನ ಉಗ್ರಾಣ ಸೋರುತ್ತದೆ ಎಂಬ ಕಾರಣಕ್ಕೆ, ನನ್ನ ಎಂಬತ್ತು ಇಲಿಬೋನುಗಳು ಹನ್ನೊಂದು ವರ್ಷದಿಂದ ಠಿಕಾಣಿ ಹೂಡಿವೆ. ಮಾವ ಒಂದು ದಿನವೂ ಬೇಡ ಅನ್ನಲಿಲ್ಲ. ಆ ಕೋಣೆಯ ಮುಂದೆ ಹೋಗುವಾಗ ಉಸಿರು ಬಿಗಿಹಿಡಿದು ಎರಡು ಹೆಜ್ಜೆ ಜೋರಾಗಿ ಹಾಕುತ್ತಿದ್ದರು, ಅಷ್ಟೇ. ನಾನು ಕಂಡೂ ಕಾಣದ ಹಾಗೆ ಇರುತ್ತಿದ್ದೆ. ನಮ್ಮಿಬ್ಬರ ಒಡನಾಟ ಹೀಗೆ ಸುಸೂತ್ರವಾಗಿ ನಡೆದಿತ್ತು.

ಈ ವರ್ಷ ಮಳೆಗಾಲದ ನಡುವೆ ನನ್ನ ಹೊಟ್ಟೆ ಕೈಕೊಟ್ಟಿತು. ಗರ್ಭಕೋಶದಲ್ಲಿ ಗಡ್ಡೆ, ತೆಗೆಯಲೇಬೇಕು ಎಂದರು, ತೆಗೆದರು. ನಾಲ್ಕು ದಿನ ಎಲ್ಲ ಸರಿಯಿತ್ತು. ಐದನೆಯ ದಿನ ಹೊಲಿಗೆಗೆ ಸೋಂಕು ತಗುಲಿ, ಜ್ವರ ಏರಿ, ಮತ್ತೆ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋದರು. ಆ ವಾರದಲ್ಲಿ ನನಗೆ ನೆನಪಿರುವುದು ಮೇಲೆ ತಿರುಗುತ್ತಿದ್ದ ಫ್ಯಾನು, ಮತ್ತೆ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತ ಮಾವನ ಮೊಣಕಾಲು, ಎರಡೇ. ಮನೆಗೆ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದರು: ಮೂರು ತಿಂಗಳು ಭಾರ ಎತ್ತಕೂಡದು, ಇನ್ನೊಮ್ಮೆ ಸೋಂಕು ತಗುಲಕೂಡದು. ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು, ಅವರಿಗೆ ರಜೆ ಸಿಗುವುದು ಕಷ್ಟ. ಹಾಗಾಗಿ ಒಂದೂವರೆ ತಿಂಗಳು ನನ್ನನ್ನು ನೋಡಿಕೊಂಡವರು ಮಾವನೇ. ಗಂಜಿ ಕೊಟ್ಟರು, ಬಟ್ಟೆ ಒಗೆದರು, ಮಾತ್ರೆಯ ಹೊತ್ತಿಗೆ ಬಾಗಿಲು ತಟ್ಟಿದರು. ಆಮೇಲೆ ಮೂರು ವಾರ ಸುಧಾರಿಸಿಕೊಳ್ಳಲು ಅಕ್ಕನ ಮನೆಗೆ ಹೋದೆ.

ವಾಪಸು ಬಂದಿದ್ದು ಒಂದು ಗುರುವಾರ. ಮುಂದಿನ ವಾರದ ಶನಿವಾರ ಬೆಳಿಗ್ಗೆ ಜೀಪು ಹೊರಡಬೇಕಿತ್ತು. ಭಾರ ಎತ್ತಲು ಆಫೀಸಿನಿಂದ ಇಬ್ಬರು ಬರುತ್ತಾರೆ, ನಾನು ಬೋನಿನ ಹತ್ತಿರ ಕೂತು ಇಲಿ ನೋಡಿದರೆ ಸಾಕು ಎಂದು ನಮ್ಮ ಮೇಲಧಿಕಾರಿ ಮೇಡಂ ಒಪ್ಪಿಕೊಂಡಿದ್ದರು. ಆದರೆ ಸಾಮಾನು ಸಿದ್ಧ ಮಾಡಲು ಸಿಕ್ಕಿದ್ದು ಒಂಬತ್ತೇ ದಿನ. ಬೇರೆ ವರ್ಷ ಅದಕ್ಕೆ ಒಂದು ತಿಂಗಳು ಹಿಡಿಯುತ್ತದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಪಟ್ಟಿ ಬರೆದುಕೊಂಡೇ ಬಂದೆ.

ಮನೆಯ ಹೊಸ್ತಿಲು ದಾಟಿ ನೋಡಿದರೆ ಪಟ್ಟಿಯ ಅರ್ಧ ಕೆಲಸ ನಡುಮನೆಯಲ್ಲೇ ಮುಗಿದು ಕೂತಿದೆ. ಮಾವ ಡೇರೆಯ ಹರಿದ ಮೂಲೆಗೆ ತೇಪೆ ಹಾಕಿದ್ದಾರೆ, ಹೊಲಿಗೆಯ ಮೇಲೆ ಮೇಣ ಉಜ್ಜಿದ್ದಾರೆ. ರಬ್ಬರ್ ಬೂಟಿನ ಒಳಗೆ ಕಾಗದ ತುರುಕಿ ನಿಲ್ಲಿಸಿದ್ದಾರೆ. ಇಲಿ ತೂಗುವ ಬಟ್ಟೆಚೀಲಗಳನ್ನೆಲ್ಲ ತಿರುವಿ, ಬಿಚ್ಚಿಹೋದ ಲಾಡಿಗಳನ್ನು ಹೊಸದಾಗಿ ಪೋಣಿಸಿದ್ದಾರೆ. ಹನ್ನೆರಡು ಪೆನ್ಸಿಲ್ ಒಂದೇ ಸಮ ಮೊನೆ ಮಾಡಿ ರಬ್ಬರ್ ಬ್ಯಾಂಡು ಸುತ್ತಿದ್ದಾರೆ. ಇಬ್ಬನಿಗೆ ಪೆನ್ನು ಅಳಿಸಿಹೋಗುತ್ತದೆ ಎಂದು ನಾನು ಪೆನ್ಸಿಲ್ಲೇ ಬಳಸುವುದು ಈ ಮನುಷ್ಯನಿಗೆ ಹೇಗೆ ಗೊತ್ತು? ತಲೆಗೆ ಕಟ್ಟುವ ಲೈಟಿನ ಪಟ್ಟಿ ಕೂಡ ಒಗೆದು ಇಸ್ತ್ರಿಯಾಗಿತ್ತು. ನಾನು ಬ್ಯಾಗನ್ನು ಕೆಳಗಿಟ್ಟು ಒಂದೊಂದನ್ನೇ ಎತ್ತಿ ನೋಡಿದೆ. ಯಾರಾದರೂ ನನಗೋಸ್ಕರ ಹನ್ನೆರಡು ಪೆನ್ಸಿಲ್ ಕೆತ್ತಿ ಇಟ್ಟಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು.

ಮಾವ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಬಾಗಿಲು ತೆಗೆದು ಪಕ್ಕಕ್ಕೆ ಸರಿದರು. ಕಣ್ಣಿಗಿಂತ ಮೊದಲು ನನ್ನ ಮೂಗಿಗೆ ಗೊತ್ತಾಯಿತು. ಫಿನಾಯಿಲು, ಅದರ ಮೇಲೆ ಗುಲಾಬಿ. ಎಂಬತ್ತು ಬೋನುಗಳು ಬಿಳಿ ಬಟ್ಟೆ ಹಾಸಿದ ಮಣೆಗಳ ಮೇಲೆ, ಬಾಯಿ ತೆರೆದುಕೊಂಡು, ಹೊಸ ಚಮಚದ ಹಾಗೆ ಥಳಥಳ ಹೊಳೆಯುತ್ತಿದ್ದವು. ಸ್ಪ್ರಿಂಗು, ಹಲಗೆ, ಬಾಗಿಲು ಎಲ್ಲ ಬಿಚ್ಚಿ, ಸೋಪಿನ ನೀರಿನಲ್ಲಿ ಕುದಿಸಿ, ಸೋಂಕುನಾಶಕದಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದಿಗೊಂದಿ ಉಜ್ಜಿ, ಮತ್ತೆ ಜೋಡಿಸಿದ್ದಾರೆ. ಕೊನೆಗೆ ಘಮ ಬರಲಿ ಎಂದು ಗುಲಾಬಿ ದ್ರಾವಣದಲ್ಲಿ ಅದ್ದಿದ್ದಾರೆ. ದಿನಕ್ಕೆ ಒಂಬತ್ತರಂತೆ ಒಂಬತ್ತು ದಿನ ಹಿಡಿಯಿತು ಎಂದರು. ಲೆಕ್ಕಕ್ಕೆ ಎಂಬತ್ತೊಂದಾಗುತ್ತದಲ್ಲ ಎಂದು ನನ್ನ ಬುದ್ಧಿ ಆ ಹೊತ್ತಿನಲ್ಲೂ ಅಧಿಕಪ್ರಸಂಗ ಮಾಡಿತು. ಕೊನೆಯ ದಿನ ಒಂದು ಕಡಿಮೆ ಇದ್ದಿದ್ದಕ್ಕೆ ಬೇಗ ಮುಗಿಯಿತು ಎಂದು ಅವರೇ ಸೇರಿಸಿದರು.

ಈ ಎಂಬತ್ತರಲ್ಲಿ ಒಂದಕ್ಕೂ ಇನ್ನು ಇಲಿ ತಲೆ ಹಾಕುವುದಿಲ್ಲ. ಆದರೂ ತುಂಬಾ ಚೆನ್ನಾಗಿ ಮಾಡಿದ್ದೀರಿ ಮಾವ ಎಂದೆ. ಅವರು ತಲೆ ಅಲ್ಲಾಡಿಸಿ, ಆಯಾಸವಾಗಿದೆಯಲ್ಲ ಮಲಗು ಎಂದು ಹೇಳಿ ಅಡುಗೆಮನೆಗೆ ಹೋದರು. ಅವರ ಬೆರಳ ತುದಿಗಳು ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಸುಕ್ಕುಗಟ್ಟಿ ಬೆಳ್ಳಗಾಗಿದ್ದವು.

ಸಂಜೆ ಗಂಡ ಬಂದ ಕೂಡಲೇ ನನ್ನ ಪಿತ್ತವೆಲ್ಲ ಅವರ ನೆತ್ತಿಗೆ ಇಳಿಯಿತು. ಹನ್ನೊಂದು ವರ್ಷ ನನ್ನ ಜೊತೆ ಬಾಳಿದ್ದೀರಿ, ಬೋನಿಗೆ ಸೋಪು ಹಾಕಬಾರದು ಅಂತ ಸಾವಿರ ಸಲ ಹೇಳಿದ್ದೇನೆ, ಒಂಬತ್ತು ದಿನ ಕಣ್ಣು ಬಿಟ್ಟುಕೊಂಡು ನೋಡ್ತಾ ಇದ್ದಿರಾ ಎಂದು ಪಿಸುದನಿಯಲ್ಲೇ ಹರಿಹಾಯ್ದೆ. ಪಿಸುದನಿಯಲ್ಲಿ ಬೈಯುವುದು ಬಹಳ ಸುಸ್ತಿನ ಕೆಲಸ. ಅವರು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು, ಅಪ್ಪ ಅಷ್ಟು ಖುಷಿಯಿಂದ ಕೂತು ಕೆಲಸ ಮಾಡಿದ್ದನ್ನು ಅಮ್ಮ ಹೋದಮೇಲೆ ನೋಡಿರಲಿಲ್ಲ, ತಡೆಯೋಕೆ ಬಾಯಿ ಬರಲಿಲ್ಲ ಎಂದರು. ನಾನು ಎದ್ದು ಅವರ ಊಟಕ್ಕೆ ತಟ್ಟೆ ಹಾಕಿದೆ.

ಶುಕ್ರವಾರ ಬೆಳಿಗ್ಗೆ ಮೇಡಂಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೇರೆ ಬೋನುಗಳಿಲ್ಲ, ಉಳಿದ ತಂಡಗಳು ಆಗಲೇ ಕೊಂಡೊಯ್ದಿವೆ ಎಂದರು. ಈ ಬೋನುಗಳನ್ನೇ ಇಟ್ಟರೆ ಇಲಿ ಬೀಳುವುದಿಲ್ಲ. ಆಗ ಗೆರೆ ಪಾತಾಳಕ್ಕೆ ಇಳಿಯುತ್ತದೆ, ಇಲಿಯೇ ಕಡಿಮೆಯಾದವೋ ಗುಲಾಬಿಗೆ ಹೆದರಿದವೋ ಎಂದು ದೇವರಿಗೂ ಗೊತ್ತಾಗುವುದಿಲ್ಲ. ಸುಳ್ಳು ಲೆಕ್ಕ ಬರೆಯುವುದಕ್ಕಿಂತ ಈ ವರ್ಷ ಖಾಲಿ ಬಿಡೋಣ, ನೀನೂ ವಿಶ್ರಾಂತಿ ತಗೋ ಎಂದರು. ನಾನು ಅಂಗಲಾಚಿದೆ. ಕೊನೆಗೆ ಒಂದು ಷರತ್ತು ಹಾಕಿದರು. ವಾಸನೆ ಹೋಗಲಾಡಿಸಿ, ಊರಿನ ಪಕ್ಕದಲ್ಲೇ ಎಲ್ಲಾದರೂ ಹುಲ್ಲಿನಲ್ಲಿ ಬಾಗಿಲು ತೆರೆದಿಟ್ಟು ನೋಡು. ಮುಂದಿನ ಶುಕ್ರವಾರ ಬೆಳಗಿನೊಳಗೆ ಅರ್ಧಕ್ಕಿಂತ ಹೆಚ್ಚು ಬೋನುಗಳಿಗೆ ಇಲಿ ತಾನಾಗಿ ಹೋಗಿ ಬಂದಿದ್ದರೆ ಹೊರಡು, ಇಲ್ಲದಿದ್ದರೆ ಇಲ್ಲ. ಅರ್ಧಕ್ಕಿಂತ ಹೆಚ್ಚು ಅಂದರೆ ನಲವತ್ತೊಂದು.

ಮಾವನಿಗೆ ಇದನ್ನು ಹೇಗೆ ಹೇಳುವುದು? ಹೇಳುವುದು ಬೇಡ ಎಂದು ತೀರ್ಮಾನಿಸಿದೆ. ಆ ಬೆಳ್ಳಗಾದ ಬೆರಳುಗಳನ್ನು ನೋಡಿದ ಮೇಲೆ ಹೇಳುವಷ್ಟು ಕಲ್ಲುಮನಸ್ಸು ನನ್ನದಲ್ಲ. ಮಧ್ಯಾಹ್ನ ಊಟವಾಗಿ ಅವರು ಒಂದು ಗಳಿಗೆ ಮಲಗುತ್ತಾರೆ. ಆ ಹೊತ್ತು ನೋಡಿ, ನಾಲ್ಕು ಬೋನುಗಳನ್ನು ಒಂದೊಂದಾಗಿ ಹಿತ್ತಿಲಿಗೆ ತಂದು, ಕಳ್ಳಿಯ ಹಾಗೆ ಗೋಡೆಯ ಮರೆಯಲ್ಲಿ ಕೂತೆ. ಹಿತ್ತಿಲಿನ ಮಣ್ಣು, ಕೊಳೆತ ಎಲೆ, ಒಣಹುಲ್ಲಿನ ಪುಡಿ ಎಲ್ಲ ಕಲಸಿ, ಆ ಕನ್ನಡಿಯಂಥ ತಗಡಿನ ಒಳಗೆ ಮೆತ್ತತೊಡಗಿದೆ. ಮೂರನೆಯದನ್ನು ಮೆತ್ತುವಾಗ ಕತ್ತಿನ ಹಿಂದೆ ಯಾರೋ ನಿಂತ ಹಾಗಾಯಿತು.

ಮಾವ. ಕೈಯಲ್ಲಿ ನನ್ನ ಮಧ್ಯಾಹ್ನದ ಮಾತ್ರೆ, ನೀರಿನ ಲೋಟ. ಅವರು ನನ್ನ ಮೊಣಕೈವರೆಗಿನ ಕೆಸರನ್ನು ನೋಡಿದರು, ಬೋನನ್ನು ನೋಡಿದರು. ಲೋಟವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಬೈದಿದ್ದರೆ ಬದುಕುತ್ತಿದ್ದೆ. ನನಗೆ ನೆಲವೇ ಬಾಯಿ ಬಿಡಬಾರದೇ ಎನ್ನಿಸಿತು. ಎದ್ದು, ಕೈ ಕೂಡ ತೊಳೆಯದೆ ಅವರ ಹಿಂದೆಯೇ ಓಡಿದೆ. ಅವರ ಮನೆಯ ಒರೆಸಿದ ನೆಲದ ಮೇಲೆ ಕೆಸರಿನ ಹನಿ ಬೀಳಿಸುತ್ತಾ ಹೋಗಿದ್ದು ಅದೇ ಮೊದಲು.

ನಿಂತ ಕಾಲಲ್ಲೇ ಎಲ್ಲ ಹೇಳಿಬಿಟ್ಟೆ. ಇಲಿಯ ಮೂಗಿನ ಕತೆ, ಹನ್ನೊಂದು ವರ್ಷದ ಗೆರೆ, ಮೇಡಂ ಹಾಕಿದ ಷರತ್ತು, ನಲವತ್ತೊಂದು. ಹೇಳುತ್ತಾ ಹೇಳುತ್ತಾ ಅಳು ಬಂತು. ಅಳುವಾಗ ಹೊಲಿಗೆ ಎಳೆಯುತ್ತದೆ, ಆದ್ದರಿಂದ ಕೂತುಕೊಂಡೆ. ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿದರು. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದರು, ಹನ್ನೊಂದು ವರ್ಷದಲ್ಲಿ ನನಗೊಂದು ಸಲ ಯಾಕೆ ಹೇಳಲಿಲ್ಲ ಎಂದು. ನೀವು ಕೇಳಲಿಲ್ಲ ಎಂದೆ. ಹೌದು, ಕೇಳಲಿಲ್ಲ ಎಂದು ಒಪ್ಪಿಕೊಂಡರು.

ಆಮೇಲೆ ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಾ ಮೆಲ್ಲಗೆ ಹೇಳಿದರು: "ಮೂವತ್ತನಾಲ್ಕು ವರ್ಷ ಆಸ್ಪತ್ರೆ ಬಟ್ಟೆ ಒಗೆದಿದ್ದೀನಮ್ಮ. ರಕ್ತದ್ದು, ಕೀವಿಂದು, ಎಲ್ಲ. ಒಂದೂ ಯಾರದು ಅಂತ ಗೊತ್ತಿರ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಒಗೆಯೋಕಾಗ್ತಿತ್ತು. ನಿನಗೆ ಜ್ವರ ಏರಿದ ದಿನ ನಿನ್ನ ಮಂಚದ ಬಟ್ಟೆ ಕಿತ್ಕೊಂಡು ಹೋದರಲ್ಲ, ಅದು ಯಾರದು ಅಂತ ಗೊತ್ತಿತ್ತು. ಅವತ್ತಿಂದ ನನಗೆ ಭಯ. ಆ ಪೆಟ್ಟಿಗೆ ಮುಟ್ಟಿ ನಿನಗೆ ಮತ್ತೇನಾದರೂ ತಗುಲಿದರೆ ಅಂತ."

ಇಷ್ಟು ವರ್ಷ ಈ ಮನೆಯಲ್ಲಿ ನಾನು ಮಾವನ ಶುಚಿತ್ವವನ್ನು ಸಹಿಸಿಕೊಂಡಿದ್ದೇನೆ, ಅವರು ನನ್ನ ಇಲಿಗಳನ್ನು ಸಹಿಸಿಕೊಂಡಿದ್ದಾರೆ ಎಂದೇ ಲೆಕ್ಕ ಹಾಕಿದ್ದೆ. ಇನ್ನೊಂದು ಲೆಕ್ಕವೂ ನಡೆದಿತ್ತು ಎಂದು ನನಗೆ ಗೊತ್ತಿರಲಿಲ್ಲ. ಬೋನು ಮುಟ್ಟುವಾಗ ಕೈಗವಸು ಹಾಕುತ್ತೇನೆ, ಮುಖಕ್ಕೆ ಬಟ್ಟೆ ಕಟ್ಟುತ್ತೇನೆ, ಡಾಕ್ಟರನ್ನೂ ಕೇಳಿದ್ದೇನೆ ಎಂದು ಸಮಾಧಾನ ಹೇಳಿದೆ. ಬರಿಗೈಯಲ್ಲಿ ಕೆಸರು ಕಲಸುತ್ತಿದ್ದವಳು ಈ ಮಾತು ಹೇಳಿದ್ದಕ್ಕೆ ಅವರ ತುಟಿಯ ಕೊನೆ ಸ್ವಲ್ಪ ಅಲುಗಿತು.

"ಕೈ ತೊಳ್ಕೊಂಡು ಮಾತ್ರೆ ನುಂಗು," ಎಂದರು. "ವಾಸನೆ ತೆಗೆಯೋದು ಕೆಸರು ಮೆತ್ತೋ ಕೆಲಸ ಅಲ್ಲ. ಅದು ನನ್ನ ಕೆಲಸ."

ಅದು ನಿಜಕ್ಕೂ ಅವರ ಕೆಲಸವೇ ಆಗಿತ್ತು. ಒಗೆದ ಬಟ್ಟೆಯಲ್ಲಿ ಸೋಪಿನ ವಾಸನೆ ಉಳಿದರೆ ರೋಗಿಗಳಿಗೆ ವಾಕರಿಕೆ ಬರುತ್ತದೆ, ಎಳೆಗೂಸುಗಳ ಮೈಮೇಲೆ ಗುಳ್ಳೆ ಏಳುತ್ತವೆ. ಆದ್ದರಿಂದ ವಾಸನೆ ಹಾಕುವುದಕ್ಕಿಂತ ತೆಗೆಯುವುದೇ ಲಾಂಡ್ರಿಯವನ ದೊಡ್ಡ ವಿದ್ಯೆ ಎಂದು ಅವರಿಂದ ತಿಳಿಯಿತು. ಇದನ್ನು ನಾನೂ ಯಾವತ್ತೂ ಕೇಳಿರಲಿಲ್ಲ. ಶನಿವಾರ ಬೆಳಿಗ್ಗೆ ಹಿತ್ತಿಲಲ್ಲಿ ನಾಲ್ಕು ಬಕೆಟ್ಟು ಸಾಲಾಗಿ ನಿಂತವು. ಮೊದಲನೆಯದರಲ್ಲಿ ಅಡುಗೆ ಸೋಡಾ ಕಲಸಿದ ಬಿಸಿನೀರು, ಉಳಿದ ಮೂರರಲ್ಲಿ ಬರೀ ಬಿಸಿನೀರು. ಬಿಸಿಗೆ ತಗಡು ಹಿಗ್ಗಿ ಸಂದಿಯಲ್ಲಿದ್ದುದು ಹೊರಗೆ ಬರುತ್ತದೆ, ತಣ್ಣೀರಿನಲ್ಲಿ ಎಷ್ಟು ಜಾಲಾಡಿದರೂ ಬರುವುದಿಲ್ಲವಂತೆ. ಬೋನುಗಳನ್ನು ಮತ್ತೆ ಬಿಚ್ಚಿದರು. ನನಗೆ ಭಾರ ಎತ್ತುವ ಹಾಗಿಲ್ಲ, ಆದ್ದರಿಂದ ಸ್ಪ್ರಿಂಗುಗಳ ಉಸ್ತುವಾರಿ ಕೊಟ್ಟರು. ಭಾನುವಾರ ನನ್ನ ಗಂಡನಿಗೂ ರಜೆ. ಅವರನ್ನು ನೀರು ಕಾಯಿಸುವುದಕ್ಕೆ ಹಚ್ಚಿ, ಒಂಬತ್ತು ದಿನ ನೋಡುತ್ತಾ ಕೂತ ತಪ್ಪಿಗೆ ಒಂದು ದಿನದ ಶಿಕ್ಷೆ ಎಂದೆ. ಅವರು ಕಮಕ್ ಕಿಮಕ್ ಅನ್ನಲಿಲ್ಲ.

ತೊಳೆದ ಪ್ರತಿ ಬೋನನ್ನೂ ಮಾವ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಒಂದು ಸಲ ಉಸಿರೆಳೆಯುತ್ತಿದ್ದರು. ನನಗೆ ಏನೂ ವಾಸನೆ ಇಲ್ಲ ಎನ್ನಿಸಿದ್ದನ್ನು ಅವರು ಮತ್ತೆ ಮೊದಲ ಬಕೆಟ್ಟಿಗೆ ಹಾಕುತ್ತಿದ್ದರು. ಬಾಗಿಲಿನ ಕೀಲಿನಲ್ಲಿ ಇನ್ನೂ ಗುಲಾಬಿ ಕೂತಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಇಪ್ಪತ್ತೇಳನೆಯ ನಂಬರಿನ ಬೋನು ಆರು ಸಲ ಹೋಗಿ ಬಂತು. ಹನ್ನೊಂದು ವರ್ಷ ಉಸಿರು ಬಿಗಿಹಿಡಿದು ಆ ಕೋಣೆ ದಾಟುತ್ತಿದ್ದವರು ಈಗ ಇಲಿಬೋನಿಗೆ ಮೂಗು ತೂರಿಸಿ ಕೂತಿದ್ದನ್ನು ನೋಡಿ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, ಏನು ವಿಶೇಷ ಎಂದು ವಿಚಾರಿಸಿದರು. ಮಾವ ತಲೆ ಎತ್ತದೆ, ನಮ್ಮ ಸೊಸೆಯ ಆಫೀಸಿನ ಕೆಲಸ ಎಂದರು. ಆ ಮಾತಿನ ಠೀವಿಗೆ ನನ್ನ ಕೈಯಲ್ಲಿದ್ದ ಸ್ಪ್ರಿಂಗು ಜಾರಿ ಬಕೆಟ್ಟಿಗೆ ಬಿತ್ತು.

ಸೋಮವಾರ ಇಡೀ ದಿನ ಗಾಳಿಗೆ ಒಣಗಿಸಿ, ಸಂಜೆ ಕೈಗಾಡಿಯಲ್ಲಿ ನೀರಿನ ಟ್ಯಾಂಕಿನ ಹಿಂದಿನ ಬಯಲಿಗೆ ಒಯ್ದೆವು. ಅಲ್ಲಿ ಹುಲ್ಲು ಎತ್ತರವಿದೆ. ನಮ್ಮ ಬೆಟ್ಟದ ಬುಡದಲ್ಲಿರುವ ಜಾತಿಯ ಇಲಿಯೇ ಅಲ್ಲೂ ಇದೆ ಎಂದು ನಾನು ಯಾವತ್ತೋ ಕಂಡುಕೊಂಡಿದ್ದೆ. ಬಾಗಿಲು ಬೀಳದ ಹಾಗೆ ತಂತಿ ಕಟ್ಟಿ, ಒಳಗೆ ಒಣಹುಲ್ಲು, ಜೋಳದ ನುಚ್ಚು, ನಾಲ್ಕು ಕಡಲೆಬೀಜ. ಇಲಿ ಬಂದು ತಿಂದು ಹೋಗಬೇಕು, ಹಿಕ್ಕೆ ಹಾಕಿ ಹೋಗಬೇಕು. ಹಿಕ್ಕೆ ಇದ್ದ ಬೋನು ಲೆಕ್ಕಕ್ಕೆ ಬಂತು, ಇಲ್ಲದ್ದು ಇಲ್ಲ. ನಾನು ಮಡಚುವ ಸ್ಟೂಲಿನ ಮೇಲೆ ಕೂತು ಜಾಗ ತೋರಿಸಿದೆ, ಎಪ್ಪತ್ತೊಂದು ವರ್ಷದ ಮಾವ ಎಂಬತ್ತು ಸಲ ಬಗ್ಗಿದರು. ಬೇಡ, ಸಾಕು ಎಂದರೆ ಕೇಳಲಿಲ್ಲ. ವಾಕಿಂಗ್ ಬಂದವರೊಬ್ಬರು ಇಲಿ ಹಿಡಿಯೋಕಾ ಎಂದು ಕೇಳಿದರು. ಇಲ್ಲ, ಊಟ ಹಾಕೋಕೆ ಎಂದರು ಮಾವ. ಆ ಮನುಷ್ಯ ಮತ್ತೆ ಮಾತಾಡದೆ ದಾರಿ ಹಿಡಿದರು.

ಮಂಗಳವಾರ ಬೆಳಿಗ್ಗೆ ಐದು ಬೋನುಗಳಲ್ಲಿ ಹಿಕ್ಕೆ. ಎಂಬತ್ತಕ್ಕೆ ಐದು. ಮಾವ ಖಾಲಿ ಬೋನುಗಳನ್ನು ಒಂದೊಂದಾಗಿ ಮೂಸಿ, ಎರಡನ್ನು ಮನೆಗೆ ತಂದು ಮತ್ತೆ ಬಿಸಿನೀರಿಗೆ ಹಾಕಿದರು. ಬುಧವಾರ ಅವೂ ಸೇರಿ ಹದಿನೇಳು. ಹಿಕ್ಕೆ ಬಿದ್ದ ಬೋನುಗಳ ಹುಲ್ಲನ್ನು, ಹಿಕ್ಕೆ ಬಾರದ ಹಾಗೆ ಕೊಡವಿ, ಚಿಟಿಕೆ ಚಿಟಿಕೆ ತೆಗೆದು ಖಾಲಿ ಬೋನುಗಳಿಗೆ ಹಂಚಿದರೆ ಬೇಗ ಆಗುತ್ತದಲ್ಲವೇ ಎಂದು ಅವರೇ ಕೇಳಿದರು. ಹೆಪ್ಪು ಹಾಕಿದ ಹಾಗೆ ಎಂದರು. ನಾನು ಬೆಪ್ಪಾದೆ; ಅದು ನನಗೆ ಹೊಳೆಯಬೇಕಿತ್ತು. ಕೈಗವಸು ಹಾಕಿಕೊಂಡು ಇಬ್ಬರೂ ಸಂಜೆಯವರೆಗೆ ಹಂಚಿದೆವು. ಗುರುವಾರ ಮೂವತ್ತೆರಡು. ಇನ್ನೂ ಒಂಬತ್ತು ಬೇಕು, ಉಳಿದಿರುವುದು ಒಂದೇ ರಾತ್ರಿ. ಆ ದಿನ ಸಂಜೆ ಮೋಡ ಕವಿದು ನಾಲ್ಕು ಹನಿ ಉದುರಿದಾಗ ಮಾವ ಬಾಗಿಲಿಗೂ ಕಿಟಕಿಗೂ ಓಡಾಡಿದ್ದನ್ನು ನೋಡಿದರೆ ಸೀಸನ್ನಿಗೆ ಹೊರಟಿರುವವರು ಅವರೇ ಇರಬೇಕು ಎನ್ನಿಸುತ್ತಿತ್ತು. ಮಳೆ ಬರಲಿಲ್ಲ.

ಶುಕ್ರವಾರ ಬೆಳಕು ಹರಿಯುವಾಗ ಹೊರಟೆವು. ಹುಲ್ಲೆಲ್ಲ ಇಬ್ಬನಿಯಲ್ಲಿ ತೊಯ್ದಿತ್ತು. ನಾನು ಸಾಲಿನ ಕೊನೆಯಲ್ಲಿ ಸ್ಟೂಲು ಹಾಕಿ ನೋಟ್‌ಬುಕ್ಕು ತೆರೆದು ಕೂತೆ. ಮಾವ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಒಂದನೆಯ ನಂಬರಿನಿಂದ ಶುರು ಮಾಡಿದರು. ಬಗ್ಗುವುದು, ಬೆಳಕಿಗೆ ಹಿಡಿಯುವುದು, ಲೋಟ ನೋಡುವ ಹಾಗೆಯೇ. ಇದೆ. ಇಲ್ಲ. ಇದೆ. ಇದೆ. ಮೊದಲ ಇಪ್ಪತ್ತರಲ್ಲಿ ಒಂಬತ್ತು. ನಲವತ್ತರ ಹೊತ್ತಿಗೆ ಇಪ್ಪತ್ತೊಂದು. ಅಲ್ಲಿಂದಾಚೆಗೆ ಅವರ ದನಿ ಏರತೊಡಗಿತು. ಅರವತ್ತಮೂರನೆಯ ಬೋನನ್ನು ಎತ್ತಿ ಒಳಗೆ ನೋಡಿ, ಅವರು ನನ್ನ ಕಡೆಗೆ ತಿರುಗಿ, ಮುಖದ ಬಟ್ಟೆ ಕೆಳಗೆ ಎಳೆದರು.

"ಗಲೀಜು ಮಾಡಿಟ್ಟಿದಾವೆ ನೋಡಮ್ಮ," ಎಂದರು. "ಪೂರ್ತಿ ಗಲೀಜು." ಅವರ ಮುಖದ ತುಂಬ ನಗು. ಅದು ನಲವತ್ತೊಂದನೆಯದು.

ನಾನು ಕೂತಲ್ಲೇ ಕಣ್ಣೊರೆಸಿಕೊಂಡೆ. ಹೊಟ್ಟೆ ಎಳೆದರೆ ಎಳೆಯಲಿ ಎಂದು ನಕ್ಕೆ ಕೂಡ. ನನ್ನ ಗೆರೆ ಉಳಿಯಿತು ಎಂಬ ಖುಷಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಕ್ಷಣಕ್ಕೆ ಅದಕ್ಕಿಂತ ದೊಡ್ಡದಾಗಿ ಎದೆಯಲ್ಲಿ ತುಂಬಿದ್ದು ಬೇರೆಯೇ. ನನಗಾಗಿ ಹೆದರಿದವರು ಒಬ್ಬರಿದ್ದಾರೆ. ನನಗಾಗಿ ಎಂಬತ್ತು ಬೋನು ತೊಳೆದು, ಅದು ತಪ್ಪೆಂದು ಗೊತ್ತಾದ ಮೇಲೆ ಮತ್ತೆ ಎಂಬತ್ತನ್ನೂ ತೊಳೆದವರು ಇದ್ದಾರೆ. ಇಂಥದ್ದಕ್ಕೆ ಉಪಕಾರವಾಯಿತು ಎಂದರೆ ಸಾಲದು, ಅದು ಬಿಟ್ಟು ಬೇರೆ ಮಾತೂ ನನಗೆ ಬರುವುದಿಲ್ಲ. ದೊಡ್ಡ ಉಪಕಾರ ಆಯ್ತು ಮಾವ ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ, ಆಗಲೇ ಅರವತ್ತನಾಲ್ಕಕ್ಕೆ ಬಗ್ಗಿದ್ದರು. ನಲವತ್ತೊಂದಾಯಿತು, ಇನ್ನು ಎಣಿಸದಿದ್ದರೂ ಆಗುತ್ತದೆ ಎಂದೆ. ಎಂಬತ್ತೂ ನೋಡೇ ಬಿಡೋಣ ಎಂದರು.

ಒಟ್ಟು ಐವತ್ತೆರಡಾಯಿತು. ಮೇಡಂಗೆ ಅಲ್ಲಿಂದಲೇ ಫೋನು ಮಾಡಿದೆ. ತೊಳೆದದ್ದು, ತೊಳೆದದ್ದನ್ನು ತೊಳೆದದ್ದು, ಎಲ್ಲವನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರಿ, ನಾಳೆ ಏಳಕ್ಕೆ ಜೀಪು ಬರುತ್ತದೆ ಎಂದರು. ಫೋನು ಇಟ್ಟು ನೋಡಿದರೆ ಮಾವ ಎಂಬತ್ತನೆಯ ಬೋನಿನ ಮುಂದೆ ಒದ್ದೆ ಹುಲ್ಲಿನ ಮೇಲೆಯೇ ಮಂಡಿಯೂರಿ ಕೂತಿದ್ದಾರೆ. ಇಸ್ತ್ರಿ ಮಾಡಿದ ಪ್ಯಾಂಟು, ಅದಕ್ಕೆ ಕೆಸರು. ಸೊಂಟ ಹಿಡಿದುಕೊಂಡಿತೇನೋ ಎಂದು ಗಾಬರಿಯಾಗಿ ಹತ್ತಿರ ಹೋದೆ. ಅವರು ಬಾಯಿಗೆ ಬೆರಳಿಟ್ಟು ಸುಮ್ಮನಿರಿಸಿದರು.

ಬೋನಿನೊಳಗೆ ಒಂದು ಇಲಿ ಇನ್ನೂ ಇತ್ತು. ಬಾಗಿಲು ತೆರೆದೇ ಇತ್ತು, ಅದು ಹೋಗಿರಲಿಲ್ಲ. ಹುಲ್ಲನ್ನು ಬಟ್ಟಲಿನ ಹಾಗೆ ಮಾಡಿಕೊಂಡು ನಡುವೆ ಕೂತು, ಮುಂಗಾಲುಗಳನ್ನು ನೆಕ್ಕಿ ನೆಕ್ಕಿ ಮುಖಕ್ಕೆ ಉಜ್ಜಿಕೊಳ್ಳುತ್ತಿತ್ತು. ಮೂತಿ ಆಯಿತು. ಕೆನ್ನೆ ಆಯಿತು. ಒಂದು ಕಿವಿಯನ್ನು ಎಳೆದು ಅದರ ಹಿಂಬದಿಯನ್ನು ಉಜ್ಜಿತು, ಆಮೇಲೆ ಇನ್ನೊಂದನ್ನು. ನಾನು 'ಇಲಿ ಹೀಗೇ, ದಿನದಲ್ಲಿ ಎಷ್ಟೋ ಹೊತ್ತು ಇದೇ ಕೆಲಸ' ಎಂದು ಪಿಸುಗುಟ್ಟಿದೆ. ಮಾವ ಕಣ್ಣು ಪಿಳುಕಿಸದೆ, ತಮ್ಮ ಕೈಕೆಳಗಿನ ಹೊಸ ಕೆಲಸಗಾರನನ್ನು ಪರೀಕ್ಷಿಸುವ ಮೇಸ್ತ್ರಿಯಂತೆ, ಅದು ಉಜ್ಜಿಕೊಳ್ಳುವುದನ್ನೇ ನೋಡುತ್ತಿದ್ದರು.

ಬಿಸಿಲು ಏರುತ್ತಿತ್ತು, ಮೂಟೆ ಕಟ್ಟುವ ಕೆಲಸವೆಲ್ಲ ಬಾಕಿಯಿತ್ತು. ಇದನ್ನು ಓಡಿಸಿ ಬೋನು ಎತ್ತಿಕೊಳ್ಳೋಣವಾ ಎಂದು ಕೇಳಿದೆ.

"ಬೇಡ," ಎಂದರು ಮಾವ. "ಬಾಲ ಇನ್ನೂ ಬಾಕಿ ಇದೆ. ಮುಗಿಸ್ಕೊಳ್ಳಲಿ."